ಸೋಡಚೀಟಿ ಬರೆದರೆ ಮದುವೆ ಮುರಿಯುವುದಿಲ್ಲ: ಗದಗಿನಿಂದ ಒಂದು ಉತ್ತರ

ಮಂಗಳೂರಿನಿಂದ ವರ್ಗವಾಗಿ ಹುಬ್ಬಳ್ಳಿಗೆ ಬಂದಿರುವ ತಾವು, ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ತೋರಿಸಿದ ಬಾಂಡ್ ಕಾಗದದ ವಿಷಯ ಕೇಳಿದ್ದೀರಿ. ಅದರಲ್ಲಿ ಗಂಡನ ಸಹಿ, ಹೆಂಡತಿಯ ಹೆಬ್ಬೆಟ್ಟು, ಐದು ಮಂದಿ ಪಂಚರ ಹೆಸರು, ಕೆಳಗೆ ನೋಟರಿಯ ಮುದ್ರೆ ಎಲ್ಲವೂ ಇವೆಯಲ್ಲ, ಇದು ವಿಚ್ಛೇದನವೇ ಎಂಬುದು ತಮ್ಮ ಪ್ರಶ್ನೆ. ನಮ್ಮ ಕಡೆ ಅದಕ್ಕೆ ಸೋಡಚೀಟಿ ಎನ್ನುತ್ತಾರೆ. 1956ರವರೆಗೆ ಈ ಸೀಮೆಯೆಲ್ಲ ಮುಂಬಯಿ ರಾಜ್ಯದಲ್ಲಿದ್ದುದರಿಂದ ಇಂಥ ಮರಾಠಿ ಮಾತುಗಳು ನಮ್ಮ ಬಾಯಲ್ಲಿ ಉಳಿದಿವೆ. ಜೀವನಾಂಶವನ್ನು ಹಿರಿಯರು ಇಂದಿಗೂ ಪೋಟಗಿ ಎಂದೇ ಕರೆಯುತ್ತಾರೆ. ಮಾತು ಉಳಿದಂತೆ ರೂಢಿಯೂ ಉಳಿದಿದೆ, ಆದರೆ ಆ ಕಾಗದವೊಂದರಿಂದಲೇ ಮದುವೆ ಮುರಿಯುವುದಿಲ್ಲ.

ಕೆಲವು ಸಮುದಾಯಗಳಲ್ಲಿ ರೂಢಿಯ ಬಿಡುಗಡೆ ಇರುವುದು ನಿಜ, 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಅದನ್ನು ಮಾನ್ಯ ಮಾಡುವುದೂ ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ತಪ್ಪದೆ ನಡೆದುಬಂದಿದೆ ಎಂಬುದನ್ನು ಅದನ್ನು ಹೇಳುವವರೇ ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಾಗುತ್ತದೆ, ಅದು ಸುಲಭದ ಕೆಲಸವಲ್ಲ. ಸಾಬೀತಾಗದಿದ್ದರೆ ಕಾನೂನಿನ ಕಣ್ಣಲ್ಲಿ ಅವರಿನ್ನೂ ಗಂಡ-ಹೆಂಡತಿಯೇ. ಆ ಕಾಗದ ನಂಬಿ ಮಾಡಿಕೊಂಡ ಎರಡನೆಯ ಮದುವೆ ಅಸಿಂಧುವಾಗುವುದಲ್ಲದೆ, ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧವೂ ಆಗುತ್ತದೆ.

ಇದನ್ನು ನಾನು ನನ್ನ ಅಕ್ಕನ ಮಗಳ ವಿಷಯದಲ್ಲಿ ಕಲಿತೆ. ಅವಳನ್ನು ಸಾಂಗಲಿ ಕಡೆಗೆ ಕೊಟ್ಟಿದ್ದೆವು. ಎರಡು ವರ್ಷದಲ್ಲಿ ತವರಿಗೆ ಬಂದಳು, ಎರಡೂ ಕಡೆಯ ಹಿರಿಯರು ಕೂತು ನೂರು ರೂಪಾಯಿಯ ಬಾಂಡ್ ಮೇಲೆ ಸೋಡಚೀಟಿ ಬರೆಸಿದರು, ನಾನೂ ಅದಕ್ಕೆ ಸಾಕ್ಷಿ ಹಾಕಿದೆ. ಅಕ್ಕ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಜೋಪಾನ ಮಾಡಿದ್ದಳು. ಐದು ವರ್ಷದ ಮೇಲೆ ಹೊಸ ಸಂಬಂಧ ಕೂಡಿಬಂದಾಗ, ಮದುವೆ ನೋಂದಣಿಗೆ ಏನೇನು ಬೇಕೆಂದು ಕೇಳಲು ಉಪನೋಂದಣಿ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಆ ಕಾಗದವನ್ನು ಬಿಚ್ಚಿ, ಎರಡೂ ಬದಿ ಓದಿ, ಮಡಿಕೆ ಕೆಡದಂತೆ ಮತ್ತೆ ಮಡಚಿ ಅಕ್ಕನ ಕೈಗೆ ಕೊಟ್ಟು, "ಕೋರ್ಟಿನ ಡಿಕ್ರಿ ತರ್ರಿ ಅಕ್ಕಾರ" ಎಂದರು. ನನ್ನ ಸಹಿ ಆ ಹುಡುಗಿಯ ಐದು ವರ್ಷ ತಿಂದಿತೆಂಬ ನೋವು ನನ್ನಲ್ಲಿ ಇನ್ನೂ ಇದೆ.

ನಮ್ಮದು ಗಡಿಯ ಸೀಮೆ. ಹೆಣ್ಣುಮಕ್ಕಳನ್ನು ಸೊಲ್ಲಾಪುರ, ಕೊಲ್ಲಾಪುರ, ಗೋವಾ ಎಂದು ಎಲ್ಲೆಲ್ಲಿಗೋ ಕೊಟ್ಟಿರುತ್ತೇವೆ. ಹೀಗಾಗಿ ಗಂಡನ ಊರಿನಲ್ಲೇ ಕೇಸು ಹಾಕಬೇಕು, ಅಲ್ಲಿ ಮರಾಠಿಯಲ್ಲಿ ನಡೆಯುತ್ತದೆ, ನಮಗೆ ತಿಳಿಯುವುದಿಲ್ಲ ಎಂಬ ಭಯದಿಂದಲೇ ಎಷ್ಟೋ ಮನೆಯವರು ಸೋಡಚೀಟಿಯ ದಾರಿ ಹಿಡಿಯುತ್ತಾರೆ. ಆ ಭಯಕ್ಕೆ ಈಗ ಕಾರಣವಿಲ್ಲ. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯ ನಂತರ ಹೆಂಡತಿ ತಾನು ಈಗ ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಗಂಡ ಮಹಾರಾಷ್ಟ್ರದಲ್ಲಿ ಮೊದಲೇ ಹಾಕಿದ್ದರೆ, ಅದನ್ನು ಇಲ್ಲಿಗೆ ವರ್ಗಾಯಿಸುವಂತೆ ಸುಪ್ರೀಂ ಕೋರ್ಟಿಗೆ ಕೇಳಿಕೊಳ್ಳುವ ಅವಕಾಶವೂ ಇದೆ. ಕುಟುಂಬ ನ್ಯಾಯಾಲಯ ಇಲ್ಲದ ಊರಿನಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಇಂಥ ಅರ್ಜಿ ನಡೆಯುತ್ತದೆ. ಮೇಲ್ಮನವಿಗೂ ಮೊದಲಿನಂತೆ ಬೆಂಗಳೂರಿಗೆ ಹೋಗಬೇಕಿಲ್ಲ. ಹೈಕೋರ್ಟಿನ ಧಾರವಾಡ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು.

ವಕೀಲರ ಫೀಜಿನ ಚಿಂತೆ ಇದಕ್ಕಿಂತ ದೊಡ್ಡದು. ನಾವು ಮೊದಲು ಹಿಡಿದ ವಕೀಲರೊಬ್ಬರು ಮುಂಗಡ ಪಡೆದು ಆರು ತಿಂಗಳಾದರೂ ಅರ್ಜಿ ದಾಖಲಿಸಿರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ವರಮಾನದ ಮಿತಿಯೇ ಇಲ್ಲದೆ ಉಚಿತ ನೆರವು ಸಿಗುತ್ತದೆಂದು ನನಗೆ ಆಮೇಲೆ ತಿಳಿಯಿತು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲೂಕಿನ ನ್ಯಾಯಾಲಯದಲ್ಲಿ ತಾಲೂಕು ಸಮಿತಿ ಇರುತ್ತದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಕೊಟ್ಟರೂ ಅರ್ಜಿ ತೆಗೆದುಕೊಳ್ಳುತ್ತಾರೆ, ಬರೆಯಲು ಬಾರದವರ ಮಾತು ಕೇಳಿ ಅವರೇ ಬರೆದುಕೊಳ್ಳುತ್ತಾರೆ. ಕೋರ್ಟ್ ಫೀ, ವಕೀಲರ ಫೀ, ನಕಲಿನ ಖರ್ಚು ಎಲ್ಲ ಅದರಲ್ಲೇ ಬರುತ್ತದೆ. ನೇಮಿಸಿಕೊಟ್ಟ ವಕೀಲರು ದುಡ್ಡು ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗಳಿಗೆ ನೇರವಾಗಿ ದೂರು ಕೊಡಬಹುದು, ಅವರೂ ನ್ಯಾಯಾಧೀಶರೇ. ಮನೆಯಿಂದ ಹೊರಬೀಳಲಾಗದವರಿಗೆ 15100 ಎಂಬ ಸಹಾಯವಾಣಿ ಇದೆ.

ಇಬ್ಬರೂ ಒಪ್ಪಿದರೆ ದಾರಿ ಸಲೀಸು. ಒಂದು ವರ್ಷ ಬೇರೆ ಇದ್ದ ಮೇಲೆ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಂ ಅಡಿ ಜಂಟಿ ಅರ್ಜಿ ಹಾಕಿ, ಆರು ತಿಂಗಳು ಬಿಟ್ಟು ಮತ್ತೆ ಒಪ್ಪಿಗೆ ಹೇಳಬೇಕು. ಬಹಳ ಕಾಲದಿಂದ ಬೇರೆಯಾಗಿದ್ದು, ರಾಜಿ ಪ್ರಯತ್ನ ವಿಫಲವಾಗಿ, ಪೋಟಗಿ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ನಮ್ಮ ಹುಡುಗಿಗೆ ಅದೇ ನೆರವಾಯಿತು. ಒಪ್ಪದಿದ್ದರೆ ಕ್ರೌರ್ಯ, ತೊರೆದುಹೋಗಿರುವುದು ಮುಂತಾದ ಕಾರಣಗಳನ್ನು ಸಾಕ್ಷಿಯಿಂದ ತೋರಿಸಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಹೊಟ್ಟೆಗೇನು ಎನ್ನುವವರು ಅದೇ ಕಾಯ್ದೆಯ 24ನೇ ಕಲಂ ಅಡಿ ಮಧ್ಯಂತರ ಜೀವನಾಂಶ ಕೇಳಬೇಕು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕೆಂದು ಸುಪ್ರೀಂ ಕೋರ್ಟಿನ 2020ರ ತೀರ್ಪು ಇರುವುದರಿಂದ, ಅದನ್ನು ತಡಮಾಡದೆ ಹಾಕುವುದೇ ಲೇಸು. ಹೊಡೆತ ಬಡಿತ ಇದ್ದರೆ, ಮೈಮೇಲಿನ ಬಂಗಾರ ಅತ್ತೆಮನೆಯಲ್ಲೇ ಉಳಿದಿದ್ದರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ ಬೇರೆಯೇ ಇದೆ. 181 ಎಂಬ ಮಹಿಳಾ ಸಹಾಯವಾಣಿಗೆ ಕರೆ ಮಾಡಿದರೆ ಅದರ ದಾರಿ ಹೇಳುತ್ತಾರೆ. ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಕಾಯ್ದೆ, ಕ್ರೈಸ್ತರಿಗೆ 1869ರ ಕಾಯ್ದೆ ಅನ್ವಯಿಸುತ್ತವೆ, ಉಚಿತ ನೆರವು ಮಾತ್ರ ಎಲ್ಲರಿಗೂ ಒಂದೇ.

ತಮ್ಮ ಮನೆಗೆ ಬರುವ ಆ ತಂಗಿಗೆ ಲಗ್ನಪತ್ರಿಕೆ, ಮದುವೆಯ ಒಂದು ಫೋಟೋ ಮತ್ತು ಆಧಾರ್ ಕಾರ್ಡು ತೆಗೆದುಕೊಂಡು ಹುಬ್ಬಳ್ಳಿಯ ನ್ಯಾಯಾಲಯ ಸಂಕೀರ್ಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಲು ಹೇಳಿರಿ. ಸಾಧ್ಯವಾದರೆ ಮೊದಲ ದಿನ ತಾವೂ ಜೊತೆಗೆ ಹೋಗಿರಿ. ಸೋಡಚೀಟಿಯನ್ನು ಹರಿದು ಹಾಕಗೊಡಬೇಡಿ. ಅದು ವಿಚ್ಛೇದನವಲ್ಲದಿದ್ದರೂ, ಅವರಿಬ್ಬರೂ ಎಂದಿನಿಂದ ಬೇರೆ ಇದ್ದಾರೆಂಬುದಕ್ಕೆ ಅದರ ಮೇಲಿನ ತಾರೀಖು ಒಂದು ಆಧಾರವಾಗುತ್ತದೆ. ನಮ್ಮ ಹುಡುಗಿಯ ಅರ್ಜಿಯ ಜೊತೆ ವಕೀಲರು ಲಗತ್ತಿಸಿದ ಮೊದಲ ದಾಖಲೆಯೂ ಟ್ರಂಕಿನ ತಳದಿಂದ ತೆಗೆದ ಆ ಕಾಗದವೇ.