ಇಂಗಿನ ಡಬ್ಬಿ ತೆರೆದರೆ ಅಳಿಯ ಕಿಟಕಿ ತೆರೆಯುತ್ತಾರೆ

ಪ್ರಶ್ನೆ: ಮಗಳು ಬರ್ಲಿನ್‌ನಲ್ಲಿದ್ದಾಳೆ, ಅಳಿಯ ಜರ್ಮನಿಯವರು. ಅಲ್ಲಿಗೆ ಹೋದಾಗ ನಾನು ಇಂಗಿನ ಡಬ್ಬಿ ತೆರೆದರೆ ಸಾಕು, ಅವರು ಕಿಟಕಿ ತೆರೆಯುತ್ತಾರೆ. ಐದು ವರ್ಷದ ಮೊಮ್ಮಗಳೂ ಅಪ್ಪನನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಾಳೆ. ನಾವು ಈರುಳ್ಳಿ, ಬೆಳ್ಳುಳ್ಳಿ ಬಳಸುವವರಲ್ಲ. ಇಂಗಿಲ್ಲದೆ ಸಾರು ಮಾಡಿ ನನಗೆ ಅಭ್ಯಾಸವಿಲ್ಲ. ನಮಗೆ ಹಿತವಾದದ್ದು ಅವರಿಗೇಕೆ ಅಸಹ್ಯ? ಈ ರುಚಿ ಅವರಿಗೆ ಹತ್ತುವುದೇ?
– ಓದುಗರು, ಮೈಸೂರು

ಉತ್ತರ: ಮೊದಲು ಅಳಿಯಂದಿರ ಪರವಾಗಿ ಒಂದು ಮಾತು. ಡಬ್ಬಿಯಲ್ಲಿರುವ ಇಂಗಿನ ವಾಸನೆ ನಿಜಕ್ಕೂ ಕಟುವಾದದ್ದು. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಕನ್ನಡಿಗರಿಗೂ ಚೆನ್ನಾಗಿ ಗೊತ್ತು. ನಮಗೆ ಪ್ರಿಯವಾದದ್ದು ತುಪ್ಪದಲ್ಲಿ ಕಾದ ಮೇಲೆ ಅದು ಬಿಡುವ ಘಮ.

ಇಂಗು ಫೆರುಲಾ ಜಾತಿಯ ಗಿಡದ ಬೇರಿನಿಂದ ಒಸರುವ ಹಾಲು, ಒಣಗಿ ರಾಳವಾದದ್ದು. ಜೀರಿಗೆ, ಕೊತ್ತಂಬರಿಗಳ ಕುಟುಂಬಕ್ಕೇ ಸೇರಿದ ಈ ಗಿಡ ಇರಾನ್, ಅಫ್ಘಾನಿಸ್ತಾನಗಳ ಒಣ ಬೆಟ್ಟಗಳಲ್ಲಿ ಬೆಳೆಯುತ್ತದೆ. ಅದರ ವಾಸನೆಗೆ ಗಂಧಕದ ಸಂಯುಕ್ತಗಳು ಕಾರಣ. ಈರುಳ್ಳಿ, ಬೆಳ್ಳುಳ್ಳಿಗಳ ಘಾಟಿಗೂ ಗಂಧಕವೇ ಮೂಲ. ಬಿಸಿ ಜಿಡ್ಡಿಗೆ ಬಿದ್ದೊಡನೆ ಇಂಗಿನ ಕಟುತ್ವ ತಗ್ಗಿ, ಹುರಿದ ಈರುಳ್ಳಿ-ಬೆಳ್ಳುಳ್ಳಿಯನ್ನು ನೆನಪಿಸುವ ಪರಿಮಳ ಉಳಿಯುತ್ತದೆ. ನಿಮ್ಮ ಸಾರಿಗೆ ಅದು ಬೇಕೇ ಬೇಕು ಎನಿಸುವುದು ಇದರಿಂದಲೇ.

ಇನ್ನು, ಯುರೋಪಿಗೆ ಇಂಗು ಹೊಸದೇನಲ್ಲ. ಈಗಿನ ಲಿಬಿಯಾದ ಸಿರೀನ್ ಎಂಬಲ್ಲಿ ಬೆಳೆಯುತ್ತಿದ್ದ ಸಿಲ್ಫಿಯಂ ಗಿಡದ ರಾಳಕ್ಕೆ ರೋಮನ್ನರು ಮನಸೋತಿದ್ದರು. ಅದು ಅಳಿದುಹೋಗುತ್ತ ಬಂತು. ತನ್ನ ಕಾಲದಲ್ಲಿ ಒಂದೇ ಒಂದು ಗಿಡ ಸಿಕ್ಕಿ, ಅದನ್ನು ನೀರೋ ಚಕ್ರವರ್ತಿಗೆ ಕಳುಹಿಸಲಾಯಿತೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಆ ಜಾಗಕ್ಕೆ ಬಂದದ್ದು ಪರ್ಷಿಯಾದ ಇಂಗು. ಅಪೀಸಿಯಸ್ ಹೆಸರಿನಲ್ಲಿ ಉಳಿದಿರುವ ರೋಮನ್ ಪಾಕಗ್ರಂಥದಲ್ಲಿ ಒಂದು ಜಾಣ ಉಪಾಯವಿದೆ: ದುಬಾರಿ ರಾಳವನ್ನು ಪೈನ್ ಬೀಜಗಳ ಜೊತೆ ಗಾಜಿನ ಪಾತ್ರೆಯಲ್ಲಿಟ್ಟು, ಅಡುಗೆಗೆ ಪರಿಮಳ ಹೀರಿದ ಬೀಜಗಳನ್ನಷ್ಟೇ ಬಳಸುವುದು. ಎಂಥ ಆಸೆಯಿದ್ದರೆ ಹೀಗೆ ಕಾಪಾಡಿಕೊಂಡಾರು!

ಮುಂದೆ ಯುರೋಪಿನ ಅಡುಗೆಮನೆ ಇದನ್ನು ಮರೆತಿತು, ಔಷಧದ ಅಂಗಡಿ ಮರೆಯಲಿಲ್ಲ. 1918ರ ಇನ್‌ಫ್ಲುಯೆಂಜಾ ಹೊತ್ತಿನಲ್ಲಿ ಅಮೆರಿಕದಲ್ಲಿಯೂ ಜನ ಇಂಗಿನ ಪುಟ್ಟ ಚೀಲವನ್ನು ಕೊರಳಿಗೆ ಕಟ್ಟಿಕೊಂಡಿದ್ದುಂಟು. ಹಸಿ ಇಂಗನ್ನು ಔಷಧವಾಗಿ ಮೂಸಿದವರ ಪಾಲಿಗೆ ಅದು ಕಾಯಿಲೆಯ ವಾಸನೆ. ನಮ್ಮಲ್ಲಿಯೂ ಇಂಗು ಔಷಧವೇ, ಆದರೆ ಒಗ್ಗರಣೆಯ ಸೌಟನ್ನು ಅದು ಬಿಟ್ಟಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸದ ಅಡುಗೆಗಳಲ್ಲಿ ಇಂಗು ಧಾರಾಳವಾಗಿದೆ. ಬೇರೆ ನೆಲದ ಸರಕನ್ನು ನಾವು ಹೀಗೆ ಸ್ವಂತ ಮಾಡಿಕೊಂಡೆವು. ಭಾರತದಲ್ಲಿ ಇದರ ಬೇಸಾಯದ ಪ್ರಯತ್ನವಾಗಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಸಸಿ ನೆಟ್ಟದ್ದು 2020ರ ಅಕ್ಟೋಬರ್‌ನಲ್ಲಿ.

ರುಚಿ ಹತ್ತುವುದೇ ಎಂದಿರಿ. ಖಂಡಿತ ಹತ್ತಬಹುದು, ಮೊಮ್ಮಗಳಿಗೆ ಇನ್ನೂ ಸುಲಭವಾಗಿ. ತಾಯಿ ತಿಂದ ಆಹಾರದ ಪರಿಮಳ ಗರ್ಭಜಲಕ್ಕೂ ಎದೆಹಾಲಿಗೂ ಸೇರುತ್ತದೆಂದು ಬೆಳ್ಳುಳ್ಳಿ, ಕ್ಯಾರೆಟ್‌ಗಳನ್ನಿಟ್ಟುಕೊಂಡು ಮಾಡಿದ ಪ್ರಯೋಗಗಳು ತೋರಿಸಿವೆ. ಹಾಗಾಗಿ ಮಗಳ ಮನೆಯಲ್ಲಿ ಒಗ್ಗರಣೆ ಬೀಳುತ್ತಿದ್ದರೆ ಮಗುವಿಗೆ ಈ ರುಚಿ ಪೂರ್ತಿ ಅಪರಿಚಿತವಾಗಿರಲಾರದು. ಅವಳು ಮೂಗು ಮುಚ್ಚುವುದು ಅಪ್ಪನ ಅನುಕರಣೆಯೇ ಇರಬೇಕು. ಹೊಸ ರುಚಿಯೊಂದು ಮಕ್ಕಳಿಗೆ ಒಗ್ಗಲು ಎಂಟು-ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಚೂರುಚೂರೇ ತಿನ್ನಬೇಕಾಗುತ್ತದೆ. ದಯವಿಟ್ಟು ಬಲವಂತ ಬೇಡ. ಒತ್ತಾಯಿಸಿದಷ್ಟೂ ಅಸಹ್ಯ ಗಟ್ಟಿಯಾಗುತ್ತದೆ.

ಡಬ್ಬಿಯನ್ನು ಅವರೆದುರು ತೆರೆಯಬೇಡಿ. ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿಟ್ಟು, ಅದನ್ನು ಇನ್ನೊಂದು ಡಬ್ಬಿಯೊಳಗಿಡಿ. ಅವರು ಮನೆಯಲ್ಲಿಲ್ಲದಾಗ, ತುಪ್ಪ ಚೆನ್ನಾಗಿ ಕಾದ ಮೇಲೆ ಅರ್ಧ ಚಿಟಿಕೆ ಹಾಕಿ ತಿಳಿಸಾರಿಗೆ ಒಗ್ಗರಣೆ ಕೊಡಿ. ಆದರೆ ಬಡಿಸುವಾಗ ಇಂಗಿದೆ ಎಂದು ಹೇಳಿಯೇ ಬಡಿಸಿ. ಮುಚ್ಚಿಟ್ಟು ತಿನ್ನಿಸಿದ್ದು ಆಮೇಲೆ ತಿಳಿದರೆ ನಿಮ್ಮ ಕೈಯಡುಗೆಯ ಮೇಲಿನ ನಂಬಿಕೆಯೇ ಹೋದೀತು.

ಒಂದು ಎಚ್ಚರಿಕೆ. ಅಂಗಡಿಯ ಇಂಗಿನ ಪುಡಿ ಬಹುಮಟ್ಟಿಗೆ ಕೂಟಿಂಗು. ಅದರಲ್ಲಿ ರಾಳದ ಜೊತೆ ಅಂಟು, ಮೈದಾ ಅಥವಾ ಅಕ್ಕಿಹಿಟ್ಟು ಬೆರೆತಿರುತ್ತದೆ. ಆ ಮನೆಯಲ್ಲಿ ಯಾರಿಗಾದರೂ ಗೋಧಿಯ ಗ್ಲುಟೆನ್ ಆಗದಿದ್ದರೆ ಪೊಟ್ಟಣದ ಮೇಲಿನ ಪಟ್ಟಿ ಓದಿ, ಗೋಧಿ ಸೇರದ್ದನ್ನೇ ಒಯ್ಯಿರಿ.