ಲಕೋಟೆಯ ಮೇಲೆ ಊರಿನ ಹೆಸರು ಬೇಡ

ಮುಧೋಳದ ಓದುಗರೊಬ್ಬರ ಪತ್ರ: ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಜೊತೆಗಿದ್ದ ಸಹೋದ್ಯೋಗಿ ಟೆರಿಟೋರಿಯಲ್ ಆರ್ಮಿ (ಟಿಎ), ಅಂದರೆ ಬೇರೆ ಉದ್ಯೋಗದಲ್ಲಿದ್ದು ಕರೆ ಬಂದಾಗ ಸೇವೆಗೆ ಹೋಗುವ ಸೇನಾಪಡೆಯವರು. 2025ರ ಮೇ ತಿಂಗಳಲ್ಲಿ ಕರೆ ಬಂದು ಹೋದವರು ಇನ್ನೂ ಮರಳಿಲ್ಲ. ಬರೆದ ಎರಡು ಪತ್ರ ವಾಪಸ್ ಬಂದಿವೆ. ‘ಪಾಕಿಸ್ತಾನದ ಜೊತೆಗಿನ ಕಾಳಗ ನಿಂತಿತಲ್ಲ, ಮತ್ಯಾಕೆ ಬಿಟ್ಟಿಲ್ಲ? ಅವರ ಜೊತೆ ಸಂಪರ್ಕ ಇಟ್ಟುಕೊಳ್ಳೋದು ಹೇಗೆ?’

ಸಂಪಾದಕರ ಉತ್ತರ: ಪತ್ರ ವಾಪಸ್ ಬಂದ ಕಾರಣ ನೀವು ಕಳಿಸಿದ ಲಕೋಟೆಯ ಫೋಟೊದಲ್ಲೇ ಇದೆ. ಯೂನಿಟ್ ಹೆಸರಿನ ಕೆಳಗೆ ಊರು, ರಾಜ್ಯ ಬರೆದಿದ್ದೀರಿ. ಸೇನಾ ನಂಬರು ಮಾತ್ರ ಇಲ್ಲ. ವಿಳಾಸದ ಕ್ರಮ ಹೀಗೆ: ಸೇನಾ ನಂಬರು, ರ‍್ಯಾಂಕು, ಹೆಸರು, ಕಂಪನಿ, ಯೂನಿಟ್, ಕೇರ್ ಆಫ್ 56 ಎಪಿಒ (ಆರ್ಮಿ ಪೋಸ್ಟ್ ಆಫೀಸ್) ಅಥವಾ 99 ಎಪಿಒ, ಕೊನೆಗೆ 9ರಿಂದ ಶುರುವಾಗುವ ಆರಂಕಿಯ ಪಿನ್. ಇಷ್ಟೇ, ಇದರಾಚೆ ಒಂದಕ್ಷರ ಬೇಡ. 56 ಎಪಿಒ ಟಪಾಲು ದೆಹಲಿಯ, 99ರದ್ದು ಕೋಲ್ಕತ್ತದ ಸೇನಾ ಅಂಚೆ ಕೇಂದ್ರಕ್ಕೆ ಹೋಗಿ, ಯೂನಿಟ್ ಈಗ ಎಲ್ಲಿದೆಯೋ ಅಲ್ಲಿಗೆ ಮುಂದೆ ಸಾಗುತ್ತದೆ. ಊರಿನ ಹೆಸರು ಕಂಡರೆ ನಾಗರಿಕ ಅಂಚೆಯವರು ಆ ಊರಿಗೇ ಕಳಿಸಿಬಿಡಬಹುದು. ಯೂನಿಟ್ ಎಲ್ಲಿದೆ ಎಂಬ ಗುಟ್ಟೂ ರಟ್ಟಾಗುತ್ತದೆ. ಒಳಗೆ ಕನ್ನಡದಲ್ಲೇ ಬರೆಯಿರಿ, ವಿಳಾಸ ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿರಲಿ. ಖಾಸಗಿ ಕೊರಿಯರ್‌ಗೆ ಕೊಟ್ಟು ಹಣ ಕಳೆದುಕೊಳ್ಳಬೇಡಿ. ಎಪಿಒ ವಿಳಾಸಕ್ಕೆ ಅಂಚೆ ಇಲಾಖೆಯದೇ ದಾರಿ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಸಾಕು. ಫೋಟೊ ಇಡುವುದಾದರೆ ಲಕೋಟೆ ಬೇಕು, ಇನ್‌ಲ್ಯಾಂಡಿನೊಳಗೆ ಏನನ್ನೂ ಇಡುವಂತಿಲ್ಲ.

ಪ್ರತಿ ಪತ್ರದ ತಲೆಗೆ ತಾರೀಖಿನ ಜೊತೆ ಕ್ರಮಸಂಖ್ಯೆ ಹಾಕಿ. ಯೂನಿಟ್ ಜಾಗ ಬದಲಿಸಿದಾಗ ಪತ್ರಗಳು ಹಿಂದುಮುಂದಾಗುತ್ತವೆ. 5 ಬಂದು 4 ಬರದಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಏನು ಬರೆಯಬೇಕು? ಲ್ಯಾಬಿನ ಸುದ್ದಿ. ಈ ಹಂಗಾಮಿನಲ್ಲಿ ರಸದ ಬ್ರಿಕ್ಸ್ (ಕರಗಿದ ಘನಾಂಶದ ಪ್ರಮಾಣ) ಎಷ್ಟು ಬರುತ್ತಿದೆ, ರಿಕವರಿ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಏರಿತೇ, ಸಕ್ಕರೆ ಅಂಶ ಅಳೆಯುವ ಪೋಲಾರಿಮೀಟರ್ ರಿಪೇರಿಯಾಯಿತೇ, ಶಿಫ್ಟಿಗೆ ಹೊಸಬರು ಯಾರು. ಮರಳಿದ ದಿನ ಅವರು ಸೀದಾ ಬೆಂಚಿಗೆ ನಿಲ್ಲುವಷ್ಟು ವಿವರ ಇರಲಿ. ‘ಎಲ್ಲಿದ್ದೀರಿ, ಯಾವಾಗ ಬರ‍್ತೀರಿ’ ಎಂದು ಮಾತ್ರ ಕೇಳಬೇಡಿ. ಮೊದಲನೆಯದನ್ನು ಅವರು ಹೇಳುವಂತಿಲ್ಲ, ಎರಡನೆಯದು ಅವರಿಗೂ ಗೊತ್ತಿರಲಿಕ್ಕಿಲ್ಲ. ಫೇಸ್‌ಬುಕ್ಕಿನಲ್ಲಿ ಟ್ಯಾಗ್ ಮಾಡುವ ಉತ್ಸಾಹವನ್ನೂ ತಡೆದುಕೊಳ್ಳಿ.

ತಿಂಡಿ ಕಳಿಸುವುದಾದರೆ ಶೇಂಗಾ ಚಟ್ನಿಪುಡಿ ಒಳ್ಳೆಯದು. ಕೊಬ್ಬರಿ ಹಾಕಬೇಡಿ, ದಾರಿಯಲ್ಲೇ ಕಮಟು ವಾಸನೆ ಬರುತ್ತದೆ. ಹುರಿದು ಪೂರ್ತಿ ಆರಿದ ಮೇಲೆ ಕುಟ್ಟಿ, ಎರಡು ಪದರ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಗಾಳಿ ತೆಗೆದು ಕಟ್ಟಿ. ಕಡಕ್ ರೊಟ್ಟಿಯ ಆಸೆ ಬಿಡಿ, ಮುಟ್ಟುವ ಹೊತ್ತಿಗೆ ಅದೂ ಪುಡಿಯೇ!

ಇನ್ನು ಬಿಡುಗಡೆಯ ಮಾತು. ಮೇ 10ಕ್ಕೆ ಗುಂಡಿನ ಸದ್ದು ನಿಂತಿತು ನಿಜ. ಆದರೆ ಟಿಎ ಸಿಬ್ಬಂದಿಯನ್ನು ಸೇವೆಗೆ ಕರೆಯುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟ ಆದೇಶದ ಅವಧಿ 2028ರ ಫೆಬ್ರುವರಿ 9ರವರೆಗಿದೆ. ಅಲ್ಲಿಯವರೆಗೂ ಅವರು ಅಲ್ಲೇ ಇರುತ್ತಾರೆಂದಲ್ಲ. ಕದನವಿರಾಮದ ತಾರೀಖು ನೋಡಿ ಲೆಕ್ಕ ಹಾಕಿದರೆ ತಪ್ಪುತ್ತದೆ, ಅಷ್ಟೆ. ನೀವು ಇಲ್ಲಿಂದ ಮಾಡಬಹುದಾದ ದೊಡ್ಡ ಉಪಕಾರ ಬೇರೆಯೇ ಇದೆ. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಕಲಮಿನ ಪ್ರಕಾರ, ಸೇವೆ ಮುಗಿಸಿ ಬಂದವರನ್ನು ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ಮರಳಿ ಕೆಲಸಕ್ಕೆ ತೆಗೆದುಕೊಳ್ಳುವುದು ಮಾಲೀಕರ ಹೊಣೆ. ಅವರಿಗೆ ಬಂದ ಕರೆ ಆದೇಶದ ಪ್ರತಿ ನಿಮ್ಮ ಎಚ್‌ಆರ್ ಕಡತದಲ್ಲಿದೆಯೇ, ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬಿದ್ದಿಲ್ಲ ತಾನೇ? ನಾಳೆಯೇ ನೋಡಿ.