ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಕಾಡುವ ಖಿನ್ನತೆ

ಪ್ರಶ್ನೆ: ನನಗೆ 38 ವರ್ಷ. ಒಂದೂವರೆ ವರ್ಷದ ಹಿಂದೆ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. 118 ಕಿಲೋ ಇದ್ದ ತೂಕ 79ಕ್ಕೆ ಇಳಿದಿದೆ, ಸಕ್ಕರೆ ಕಾಯಿಲೆಯ ಮಾತ್ರೆಯೂ ನಿಂತಿದೆ. ಮೊದಲ ವರ್ಷ ಉತ್ಸಾಹದಲ್ಲೇ ಕಳೆಯಿತು. ಆದರೆ ಕೆಲವು ತಿಂಗಳಿಂದ ಯಾವುದರಲ್ಲೂ ಆಸಕ್ತಿಯಿಲ್ಲ, ನಸುಕಿನಲ್ಲೇ ಎಚ್ಚರವಾಗುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ. ಖಿನ್ನತೆಗೆಂದು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನೇ ಈಗಲೂ ತೆಗೆದುಕೊಳ್ಳುತ್ತಿದ್ದೇನೆ. ‘ಇಷ್ಟು ಸಣ್ಣಗಾಗಿದ್ದೀಯಲ್ಲ, ಇನ್ನೇನು ಬೇಕು?’ ಎನ್ನುತ್ತಾರೆ ಮನೆಯವರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದೇ ತಪ್ಪಾಯಿತೇ?
– ಹೆಸರು ಬೇಡ

ಉತ್ತರ: ನೀವು ಬರೆದಿರುವ ಲಕ್ಷಣಗಳು ಖಿನ್ನತೆಯವೇ ಆಗಿರುವ ಸಾಧ್ಯತೆ ಹೆಚ್ಚು, ಮತ್ತು ಅದಕ್ಕೆ ಚಿಕಿತ್ಸೆ ಇದೆ. ಅದೇ ಮಾತ್ರೆಯನ್ನು ಈಗಲೂ ತೆಗೆದುಕೊಳ್ಳುತ್ತಿದ್ದೇನೆ ಎಂದಿದ್ದೀರಲ್ಲ, ಅಲ್ಲಿಂದಲೇ ಆರಂಭಿಸುತ್ತೇನೆ. ಬೈಪಾಸ್ ಆದ ಮೇಲೆ ನುಂಗಿದ್ದು ಜಠರದ ಬಹುಭಾಗವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದೆ ಸಾಗುವುದರಿಂದ, ಕೆಲವು ಖಿನ್ನತೆ ನಿವಾರಕ ಔಷಧಗಳು ಮೊದಲಿನಷ್ಟು ಪ್ರಮಾಣದಲ್ಲಿ ರಕ್ತಕ್ಕೆ ಸೇರದೆ ಹೋಗಬಹುದು. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳಲ್ಲಿ ಈ ಅನುಮಾನಕ್ಕೆ ಆಸ್ಪದ ಇನ್ನೂ ಹೆಚ್ಚು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೂ ನಿಮ್ಮ ಮನೋವೈದ್ಯರಿಗೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ, ಮಾತ್ರೆಯ ಪ್ರಮಾಣವನ್ನೋ ಬಗೆಯನ್ನೋ ಬದಲಿಸಬೇಕೇ ಎಂದು ಕೇಳಿ. ನೀವಾಗಿಯೇ ಹೆಚ್ಚಿಸುವುದು, ಪುಡಿ ಮಾಡಿ ನುಂಗುವುದು, ಒಮ್ಮೆಲೇ ನಿಲ್ಲಿಸುವುದು ಯಾವುದೂ ಬೇಡ.

ಎರಡನೆಯದು ರಕ್ತಪರೀಕ್ಷೆ. ಬೈಪಾಸ್ ಆದ ಮೇಲೆ ಊಟದಲ್ಲಿನ ಬಿ12 ಜೀವಸತ್ವವನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಅದು ಯಕೃತ್ತಿನಲ್ಲಿ ಸಾಕಷ್ಟು ಸಂಗ್ರಹವಾಗಿರುವುದರಿಂದ ಅದರ ಕೊರತೆ ತಕ್ಷಣ ಕಾಣಿಸಿಕೊಳ್ಳುವುದಿಲ್ಲ. ಪೂರಕ ಮಾತ್ರೆಗಳು ತಪ್ಪಿದರೆ, ‘ಎಲ್ಲ ಸರಿಹೋಯಿತು’ ಎಂದುಕೊಳ್ಳುವ ಹೊತ್ತಿಗೆ, ಅಂದರೆ ಒಂದೆರಡು ವರ್ಷ ಕಳೆದ ಮೇಲೆ, ಸುಸ್ತು, ಮರೆವು, ಮಂಕುತನ, ಕೈಕಾಲು ಜೋಮುಗಟ್ಟುವುದು ಇವೆಲ್ಲ ಶುರುವಾಗುತ್ತವೆ. ಕಬ್ಬಿಣ, ಫೋಲೇಟ್, ಡಿ ಜೀವಸತ್ವ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ಜೊತೆಗೇ ಮಾಡಿಸಿ. ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ಬೆವರು, ನಡುಕ, ಎದೆಬಡಿತ ಬರುತ್ತಿದ್ದರೆ ಸಮಯವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ರಕ್ತದ ಸಕ್ಕರೆ ಕುಸಿಯುವುದನ್ನು ಆತಂಕವೆಂದು ತಪ್ಪಾಗಿ ತಿಳಿಯುವವರು ಹಲವರಿದ್ದಾರೆ. ವಾಂತಿ ನಿಲ್ಲದೆ ಮುಂದುವರಿದು, ನಡಿಗೆ ತಡವರಿಸಿ, ವಸ್ತುಗಳು ಎರಡೆರಡಾಗಿ ಕಂಡರೆ ಅದು ಬಿ1 ಜೀವಸತ್ವದ ತೀವ್ರ ಕೊರತೆಯಾಗಿರಬಹುದು. ಆಗ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟಾದ ಮೇಲೂ ಮನಸ್ಸಿನ ಕಾರಣಗಳು ಉಳಿದೇ ಇರುತ್ತವೆ. ಮೊದಲ ತಿಂಗಳುಗಳಲ್ಲಿ ತೂಕದ ಯಂತ್ರದ ಮೇಲೆ ನಿಂತಾಗಲೆಲ್ಲ ಅಂಕಿ ಇಳಿಯುತ್ತದೆ, ಕಂಡವರೆಲ್ಲ ಹೊಗಳುತ್ತಾರೆ. ಸಾಮಾನ್ಯವಾಗಿ 12ರಿಂದ 18 ತಿಂಗಳ ನಡುವೆ ಇಳಿಕೆ ನಿಲ್ಲುತ್ತದೆ, ಹೊಗಳಿಕೆಯೂ ನಿಲ್ಲುತ್ತದೆ, ಜೋತುಬಿದ್ದ ಚರ್ಮ ಕನ್ನಡಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಬೇಸರವಾದಾಗ, ಒಂಟಿಯೆನಿಸಿದಾಗ ಸಮಾಧಾನ ಕೊಡುತ್ತಿದ್ದ ಊಟ ಈಗ ನಾಲ್ಕು ತುತ್ತಿಗೇ ಸಾಕಾಗುತ್ತದೆ. ಆ ಸಮಾಧಾನಕ್ಕೆ ಬದಲಿಯಾಗಿ ಏನನ್ನು ಹುಡುಕಿಕೊಳ್ಳಬೇಕೆಂದು ಶಸ್ತ್ರಚಿಕಿತ್ಸೆಗೆ ಮುಂಚೆ ಯಾರೂ ಕೂರಿಸಿ ಹೇಳಿರುವುದಿಲ್ಲ. ಇದು ವ್ಯವಸ್ಥೆಯ ದೊಡ್ಡ ಲೋಪವೆಂದೇ ನಾನು ಭಾವಿಸುತ್ತೇನೆ. ಈ ಜಾಗಕ್ಕೆ ಮದ್ಯ ಬಂದು ಕೂರದಂತೆ ಎಚ್ಚರ ವಹಿಸಿ: ಬೈಪಾಸ್ ಆದವರಲ್ಲಿ ಅದು ಬೇಗನೆ, ಹೆಚ್ಚಿನ ಮಟ್ಟದಲ್ಲಿ ರಕ್ತಕ್ಕೆ ಸೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಆಪ್ತಸಮಾಲೋಚನೆ, ಅದರಲ್ಲೂ ಆಲೋಚನೆ ಮತ್ತು ವರ್ತನೆಯ ಜಾಡನ್ನು ಹಿಡಿದು ಮಾಡುವ ಚಿಕಿತ್ಸೆ, ನಿಮಗೆ ನೆರವಾಗಬಲ್ಲದು. ಔಷಧ ಬದಲಿಸಿದರೆ ಅದರ ಪರಿಣಾಮ ಕಾಣಲು ಕೆಲವು ವಾರ ಬೇಕಾಗುತ್ತದೆ, ನಡುವೆ ಕೈಬಿಡಬೇಡಿ.

ಈ ಶಸ್ತ್ರಚಿಕಿತ್ಸೆ ಆದವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚೆಂದು ಅಧ್ಯಯನಗಳು ಹೇಳುವುದರಿಂದ ನಿಮ್ಮನ್ನು ನೇರವಾಗಿಯೇ ಕೇಳಬೇಕಾಗಿದೆ: ಬದುಕುವುದೇ ಬೇಡವೆನ್ನಿಸುತ್ತಿದೆಯೇ? ಹೌದಾದರೆ ಈ ಪುಟವನ್ನು ಬದಿಗಿಟ್ಟು, ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಇಂದೇ ವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಒಂಟಿಯಾಗಿರಬೇಡಿ.

ಶಸ್ತ್ರಚಿಕಿತ್ಸೆ ತಪ್ಪಾಗಲಿಲ್ಲ. ಅದು ನಿಮ್ಮ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದಿದೆ. ಖಿನ್ನತೆ ಬೇರೆಯದೇ ಕಾಯಿಲೆ, ಅದಕ್ಕೆ ಬೇರೆಯದೇ ಚಿಕಿತ್ಸೆ ಬೇಕು. ಮನೆಯವರಿಗೂ ಇದೇ ಮಾತನ್ನು ಹೇಳಿ. ಸಾಧ್ಯವಾದರೆ ಮುಂದಿನ ಭೇಟಿಗೆ ಅವರಲ್ಲಿ ಒಬ್ಬರನ್ನು ಕರೆದೊಯ್ಯಿರಿ. ವೈದ್ಯರ ಬಾಯಿಂದ ಕೇಳಿದಾಗ ನಂಬುವುದು ಸುಲಭವಾಗುತ್ತದೆ.

ಪ್ರಶ್ನೆ: ನನ್ನ ತಂಗಿಗೆ ಸದ್ಯದಲ್ಲೇ ತೂಕ ಇಳಿಸಲೆಂದು ಸ್ಲೀವ್ (ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ) ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಹಿಂದೊಮ್ಮೆ ಖಿನ್ನತೆ ಇತ್ತು. ವೈದ್ಯರು ಬೇಡವೆನ್ನಬಹುದೆಂದು ಹೆದರಿ ಅದನ್ನು ಮುಚ್ಚಿಡುತ್ತಿದ್ದಾಳೆ. ಹೇಳಲೇಬೇಕೇ?
– ಅಕ್ಕ

ಉತ್ತರ: ಹೇಳಲೇಬೇಕು. ಖಿನ್ನತೆ ಇತ್ತೆಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸುವುದಿಲ್ಲ; ಕಾಯಿಲೆ ಈಗ ಹತೋಟಿಯಲ್ಲಿದೆಯೇ ಎಂದು ನೋಡುತ್ತಾರೆ, ಇಲ್ಲದಿದ್ದರೆ ಕೆಲವು ತಿಂಗಳು ಮುಂದೂಡಬಹುದು. ಮುಚ್ಚಿಟ್ಟರೆ ಮುಂದೆ ಲಕ್ಷಣಗಳು ಮರುಕಳಿಸಿದಾಗ ಗುರುತಿಸುವವರೇ ಇರುವುದಿಲ್ಲ. ಮನೋವೈದ್ಯರ ಭೇಟಿಗಳನ್ನು ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ಎರಡು ವರ್ಷವಾದರೂ ಮುಂದುವರಿಸುವಂತೆ ಈಗಲೇ ಮಾತಾಡಿಕೊಳ್ಳಿ.